ಏಷ್ಯಾದ ಸಮಕಾಲೀನ ಕೃತಿಯೊಂದನ್ನು ಕನ್ನಡದಲ್ಲಿ ಸ್ವತಂತ್ರವಾಗಿ ಪ್ರಕಟಿಸುವ ಬಗೆ

ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳು ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದಲ್ಲಿ 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದವು. ಅವನ್ನು ಪ್ರಕಟಿಸಿದ ಬ್ರಿಟನ್ನಿನ ಆಂಡ್ ಅದರ್ ಸ್ಟೋರೀಸ್ ಒಂದು ಸಣ್ಣ ಸ್ವತಂತ್ರ ಸಂಸ್ಥೆ. 2022ರಲ್ಲಿ ಗೀತಾಂಜಲಿ ಶ್ರೀ ಅವರ ಹಿಂದಿ ಕಾದಂಬರಿಗೆ ಅದೇ ಪ್ರಶಸ್ತಿ ಬಂದಾಗಲೂ ಅದರ ಹಿಂದೆ ಇದ್ದದ್ದು ಟಿಲ್ಟೆಡ್ ಆಕ್ಸಿಸ್ ಎಂಬ ಸಣ್ಣ ಪ್ರಕಾಶನವೇ. ಕೊರಿಯಾ, ತೈವಾನ್, ವಿಯೆಟ್ನಾಂಗಳ ಇಂದಿನ ಬರಹವನ್ನಾಗಲಿ, ಅಲ್ಲಿಂದ ವಲಸೆ ಹೋದವರ ಬರಹವನ್ನಾಗಲಿ ಕನ್ನಡಕ್ಕೆ ತರಲು ಬಯಸುವವರು ದೊಡ್ಡ ಬಂಡವಾಳಕ್ಕಾಗಿ ಕಾಯಬೇಕಾಗಿಲ್ಲ. ಆದರೆ ಅಚ್ಚಿನ ಮನೆಗೆ ಹೋಗುವ ಮೊದಲೇ ಮುಗಿಸಬೇಕಾದ ಕೆಲಸ ಬಹಳ ಇದೆ.

ಎಲ್ಲಕ್ಕಿಂತ ಮೊದಲು ಹಕ್ಕಿನ ಮಾತು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಅನುವಾದಿಸುವ ಹಕ್ಕು ಕೃತಿಸ್ವಾಮ್ಯದ ಒಡೆಯರದೇ, ಮತ್ತು ಅದು ಲೇಖಕರ ಜೀವಿತಕಾಲದ ನಂತರವೂ 60 ವರ್ಷ ಉಳಿಯುತ್ತದೆ. ಕೊರಿಯನ್ ಕಾದಂಬರಿಯೊಂದನ್ನು ಅದರ ಇಂಗ್ಲಿಷ್ ಅನುವಾದದಿಂದ ಕನ್ನಡಕ್ಕೆ ತರುವವರು ಮೂಲ ಲೇಖಕರ ಅನುಮತಿ ಸಾಕೆಂದು ತಿಳಿಯುವುದುಂಟು. ಇಂಗ್ಲಿಷ್ ಅನುವಾದವೂ ಸ್ವತಂತ್ರ ಕೃತಿಸ್ವಾಮ್ಯವುಳ್ಳ ಬರಹವಾದ್ದರಿಂದ ಅದರ ಹಕ್ಕುದಾರರ ಒಪ್ಪಿಗೆಯನ್ನೂ ಲಿಖಿತವಾಗಿ ಪಡೆಯಬೇಕು. ಪುಸ್ತಕದ ಕೃತಿಸ್ವಾಮ್ಯ ಪುಟದಲ್ಲಿ ಯಾರ ಹೆಸರಿದೆ ಎಂದು ನೋಡಿ, ಪ್ರಕಾಶಕರ ಹಕ್ಕು ವಿಭಾಗಕ್ಕೆ ಬರೆದರೆ ಅವರು ಲೇಖಕರ ಪರವಾಗಿ ಹಕ್ಕು ಮಾರುವ ಏಜೆಂಟರ ದಾರಿ ತೋರಿಸುತ್ತಾರೆ. ಇಂಗ್ಲಿಷಿನಲ್ಲೇ ಬರೆಯುವ ವಲಸೆ ಲೇಖಕರ ವಿಷಯದಲ್ಲಿ, ಭಾರತದಲ್ಲಿ ಆ ಪುಸ್ತಕ ಮಾರುವ ಸಂಸ್ಥೆಗೆ ಇಂಗ್ಲಿಷ್ ಆವೃತ್ತಿಯ ಹಕ್ಕು ಮಾತ್ರ ಇರಬಹುದು. ಕನ್ನಡದ ಹಕ್ಕನ್ನು ಹೆಚ್ಚಾಗಿ ಲಂಡನ್ ಅಥವಾ ನ್ಯೂಯಾರ್ಕಿನ ಏಜೆಂಟರಲ್ಲೇ ಕೇಳಬೇಕಾಗುತ್ತದೆ. ಎಷ್ಟು ವರ್ಷಕ್ಕೆ, ಎಷ್ಟು ಪ್ರತಿಗೆ, ಇ-ಪುಸ್ತಕ ಮತ್ತು ಆಡಿಯೊ ಸೇರಿವೆಯೇ, ಗೌರವಧನದ ಲೆಕ್ಕ ಮುಖಬೆಲೆಯ ಮೇಲೋ ಕೈಗೆ ಬಂದ ಹಣದ ಮೇಲೋ ಎಂಬುದು ಒಪ್ಪಂದದಲ್ಲಿ ಸ್ಪಷ್ಟವಾಗಿರಲಿ. ವಿದೇಶಕ್ಕೆ ಹಣ ಕಳುಹಿಸುವಾಗ ಮೂಲದಲ್ಲೇ ತೆರಿಗೆ ಕಡಿತವಾಗುವುದರಿಂದ, ಮುಂಗಡದ ಮೊತ್ತ ತೆರಿಗೆ ಕಳೆದದ್ದೋ ಕಳೆಯದ್ದೋ ಎಂಬುದನ್ನೂ ಬರೆಸಿಕೊಂಡು, ಸಹಿಗೆ ಮೊದಲು ಲೆಕ್ಕಪರಿಶೋಧಕರನ್ನು ಕೇಳುವುದು ಒಳ್ಳೆಯದು.

ಕೊರಿಯಾದ ಸಾಹಿತ್ಯ ಅನುವಾದ ಸಂಸ್ಥೆ, ಜಪಾನ್ ಫೌಂಡೇಶನ್, ತೈವಾನಿನ ಸಂಸ್ಕೃತಿ ಸಚಿವಾಲಯ ಇವು ವಿದೇಶಿ ಪ್ರಕಾಶಕರಿಗೆ ಅನುವಾದದ ನೆರವು ನೀಡುತ್ತವೆ. ಅರ್ಜಿಯೊಡನೆ ಸಾಮಾನ್ಯವಾಗಿ ಹಕ್ಕಿನ ಒಪ್ಪಂದದ ದಾಖಲೆಯನ್ನೂ ಕೇಳುವುದರಿಂದ, ನೆರವಿನ ಭರವಸೆಯ ಮೇಲೆ ಹಕ್ಕು ಕೊಳ್ಳುವ ಲೆಕ್ಕಾಚಾರ ಬೇಡ.

ಇನ್ನು ಅನುವಾದ. ನನ್ನ ಅಭಿಪ್ರಾಯದಲ್ಲಿ ಮೊದಲ ಪುಸ್ತಕವನ್ನು ನಡುವೆ ಇಂಗ್ಲಿಷ್ ಇಲ್ಲದೆ ತರಬಹುದಾದ ಭಾಷೆಯಿಂದಲೇ ಆರಿಸುವುದು ಜಾಣತನ. ಪ್ಯಾರಿಸ್, ಟೊರಾಂಟೊಗಳಲ್ಲಿ ನೆಲೆಸಿದ ಶ್ರೀಲಂಕಾ ಮೂಲದ ತಮಿಳು ಲೇಖಕರ ಕಥೆಗಳನ್ನು ನೇರವಾಗಿ ಕನ್ನಡಿಸಬಲ್ಲವರು ನಮ್ಮಲ್ಲೇ ಇದ್ದಾರೆ. ಇಂಗ್ಲಿಷಿನ ಮೂಲಕವೇ ಬರಬೇಕಾದಾಗ ಎಡವುವ ಜಾಗ ಎಲ್ಲಿದೆ ಎಂಬುದಕ್ಕೆ ನಾನು ತಿದ್ದಿದ ಚೀನಿ ಕಥೆಯ ಕರಡೊಂದು ಸಾಕ್ಷಿ. ಇಂಗ್ಲಿಷಿನ ‘ಅಂಕಲ್’ ಅದರಲ್ಲಿ ‘ಚಿಕ್ಕಪ್ಪ’ ಆಗಿತ್ತು. ನಲವತ್ತು ಪುಟಗಳಾದ ಮೇಲೆ ಆತ ತಾಯಿಯ ತಮ್ಮ ಎಂದು ತಿಳಿದು, ಅಲ್ಲಿಯ ತನಕದ ಚಿಕ್ಕಪ್ಪನನ್ನೆಲ್ಲ ಸೋದರಮಾವನನ್ನಾಗಿ ಮಾಡಬೇಕಾಯಿತು. ಚೀನಿ ಭಾಷೆಯಲ್ಲಿ ತಂದೆಯ ಅಣ್ಣ, ತಂದೆಯ ತಮ್ಮ, ತಾಯಿಯ ಸೋದರ ಮೂವರಿಗೂ ಬೇರೆ ಬೇರೆ ಪದಗಳಿವೆ, ನಮ್ಮಲ್ಲೂ ಇವೆ. ನಡುವಿನ ಭಾಷೆಯಲ್ಲಿ ಮಾತ್ರ ಇಲ್ಲ. ಅಕ್ಕ-ತಂಗಿ, ಅಣ್ಣ-ತಮ್ಮ, ನೀನು-ನೀವುಗಳ ಕಥೆಯೂ ಹೀಗೆಯೇ. ಆದ್ದರಿಂದ ಪಾತ್ರಗಳ ನಂಟಿನ ಪಟ್ಟಿಯೊಂದನ್ನು ಮೊದಲೇ ಮಾಡಿ, ಮೂಲ ಭಾಷೆ ಬಲ್ಲವರೊಬ್ಬರಿಗೆ ಸಂಭಾವನೆ ಕೊಟ್ಟು ಪರಿಶೀಲನೆ ಮಾಡಿಸಬೇಕು. ಹೆಸರುಗಳ ಉಚ್ಚಾರವನ್ನೂ ಅವರಿಂದಲೇ ಕೇಳಿ ಬರೆದುಕೊಳ್ಳಬೇಕು, ಏಕೆಂದರೆ ಅಲ್ಪಪ್ರಾಣ ಮಹಾಪ್ರಾಣಗಳೆರಡೂ ಇರುವ ನಮ್ಮ ಲಿಪಿ ಚೀನಿ, ಕೊರಿಯನ್ ಹೆಸರುಗಳಿಗೆ ರೋಮನ್ ಲಿಪಿಗಿಂತ ಹೆಚ್ಚು ಹತ್ತಿರ ಹೋಗಬಲ್ಲದು.

ಅಕ್ಷರ ಜೋಡಣೆಯಲ್ಲಿ ಇಂಥ ಪುಸ್ತಕಗಳಿಗೇ ವಿಶೇಷವಾದ ತೊಡಕೊಂದಿದೆ. ವ್ಯಂಜನದಲ್ಲಿ ಮುಗಿಯುವ ಹೆಸರುಗಳು ಹೆಚ್ಚಾಗಿರುವುದರಿಂದ, ಯೂನಿಕೋಡ್ ಪಠ್ಯವನ್ನು ಪುಟವಿನ್ಯಾಸಕ್ಕಾಗಿ ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಗೆ ಪರಿವರ್ತಿಸುವಾಗ ‘ಕಿಮ್‌ಗೆ’ ಎಂಬುದು ‘ಕಿಮ್ಗೆ’ ಆಗಿಬಿಡಬಹುದು. ಪರಿವರ್ತನೆಯ ನಂತರ ಇನ್ನೊಂದು ಸುತ್ತು ಕರಡು ತಿದ್ದದೆ ಅಚ್ಚಿಗೆ ಕಳುಹಿಸಬಾರದು. ಡೆಮಿ 1/8 ಎಂಬ ಪುಸ್ತಕದ ಆಕಾರಕ್ಕೆ ಫಾರಂ (ಒಟ್ಟಿಗೆ ಅಚ್ಚಾಗಿ ಮಡಿಸುವ ಪುಟಗಳ ಕಟ್ಟು) ಒಂದಕ್ಕೆ 16 ಪುಟಗಳಾದ್ದರಿಂದ 200 ಪುಟಕ್ಕಿಂತ 192 ಅಥವಾ 208 ಲಾಭಕರ. ಐಎಸ್‌ಬಿಎನ್ ಎಂಬ, ಪುಸ್ತಕವನ್ನು ಗುರುತಿಸುವ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಉಚಿತವಾಗಿ ಕೊಡುತ್ತದೆ. ಅನುವಾದಕರ ಹೆಸರು ಮುಖಪುಟದಲ್ಲೇ ಇರಲಿ. ಅಂತರರಾಷ್ಟ್ರೀಯ ಬೂಕರ್ ಬಹುಮಾನದ 50,000 ಪೌಂಡನ್ನೇ ಲೇಖಕರೂ ಅನುವಾದಕರೂ ಸಮಪಾಲು ಹಂಚಿಕೊಳ್ಳುವಾಗ ನಮಗೇಕೆ ಜಿಪುಣತನ?

ಬೆಲೆಯ ಲೆಕ್ಕ ಹೀಗೆ. ಮುಖಬೆಲೆ 250 ರೂಪಾಯಿ, ಮಾರಾಟಗಾರರ ಕಡಿತ ಶೇ 40, ಲೇಖಕರಿಗೂ ಅನುವಾದಕರಿಗೂ ತಲಾ ಶೇ 8 ಎಂದಿಟ್ಟುಕೊಂಡರೆ ಉಳಿಯುವುದು 110 ರೂಪಾಯಿ. ಅಚ್ಚು, ವಿನ್ಯಾಸ, ಸಾಗಾಟ, ಮಾರಾಟವಾಗದ ಪ್ರತಿಗಳ ಹೊರೆ ಎಲ್ಲವೂ ಇದರೊಳಗೇ ಆಗಬೇಕು. 1933ರಲ್ಲಿ ಧಾರವಾಡದಲ್ಲಿ ಹುಟ್ಟಿದ ಮನೋಹರ ಗ್ರಂಥಮಾಲೆ ನೆಚ್ಚಿಕೊಂಡದ್ದು ಚಂದಾದಾರರನ್ನು. ಆಂಡ್ ಅದರ್ ಸ್ಟೋರೀಸ್ ಸಹ ಚಂದಾದಾರರ ಹೆಸರುಗಳನ್ನು ಪುಸ್ತಕದ ಕೊನೆಯಲ್ಲಿ ಅಚ್ಚು ಹಾಕುತ್ತದೆ. ಇನ್ನೂರು ಓದುಗರಿಂದ ಮುಂಗಡ ಪಡೆದು, ಮುನ್ನೂರು ಪ್ರತಿ ಅಚ್ಚು ಹಾಕಿಸಿ, ಬೇಡಿಕೆ ಕಂಡ ಮೇಲೆ ಮರುಮುದ್ರಣಕ್ಕೆ ಹೋಗುವುದು ಸಾವಿರ ಪ್ರತಿಗಳನ್ನು ಅಟ್ಟದಲ್ಲಿ ಪೇರಿಸಿಡುವುದಕ್ಕಿಂತ ಕ್ಷೇಮ. ಗ್ರಂಥಾಲಯ ಇಲಾಖೆಯ ಸಗಟು ಖರೀದಿ ಆದಾಗ ಆಗಲಿ, ಅದನ್ನು ಬಂಡವಾಳದ ಲೆಕ್ಕಕ್ಕೆ ಸೇರಿಸಬೇಡಿ.

ಪುಸ್ತಕ ಹೊರಬಂದ ಮೇಲೆ ಗ್ರಂಥಾಲಯಗಳಿಗೆ ಪುಸ್ತಕ ಸಲ್ಲಿಸುವ 1954ರ ಕಾಯ್ದೆಯಂತೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ನಿಗದಿತ ಇತರ ಗ್ರಂಥಾಲಯಗಳಿಗೂ 30 ದಿನಗಳೊಳಗೆ ಪ್ರತಿ ಕಳುಹಿಸಬೇಕು. ಹಕ್ಕುದಾರರಿಗೆ ಒಪ್ಪಂದದಲ್ಲಿ ಹೇಳಿದಷ್ಟು ಪುಸ್ತಕದ ಪ್ರತಿಗಳ ಜೊತೆಗೆ ವರ್ಷ ವರ್ಷವೂ ಮಾರಾಟದ ಲೆಕ್ಕ ಹೋಗಬೇಕು, ಮಾರಾಟವಾದದ್ದು ಹನ್ನೊಂದೇ ಪ್ರತಿಯಾದರೂ ಸರಿ. ಎರಡನೆಯ ಪುಸ್ತಕದ ಹಕ್ಕು ಕೇಳಿದಾಗ ಏಜೆಂಟರು ಮೊದಲು ತೆರೆದು ನೋಡುವುದು ಆ ಕಡತವನ್ನೇ.