ಲೇಬಲ್ ಪಕ್ಕದಲ್ಲೊಂದು ನಮ್ಮ ಚೀಟಿ

ದಾವಣಗೆರೆಯಲ್ಲಿ ನಮ್ಮದೊಂದು ಮಧ್ಯಮ ಗಾತ್ರದ ಅಂಗಡಿ. ಫ್ರಿಜ್, ಎಸಿ, ಫ್ಯಾನ್, ಗೀಸರ್ ಮಾರುತ್ತೇವೆ. ಒಳಗೆ ಬಂದ ಗಿರಾಕಿ ಮೊದಲು ಕೇಳುವುದು ರೇಟು, ಆಮೇಲೆ "ಎಷ್ಟು ಸ್ಟಾರ್ ಐತ್ರಿ?" "ನಮ್ಮನ್ಯಾಗ ಇದು ಎಷ್ಟು ಕರೆಂಟ್ ತಿಂತೈತಿ?" ಅಂತ ಕೇಳುವವರು ಕಮ್ಮಿ. ಅದಕ್ಕೆ ಅರ್ಧ ಉತ್ತರ ಲೇಬಲ್ ಮೇಲೇ ಅಚ್ಚಾಗಿರುತ್ತದೆ, ಸ್ಟಾರ್‌ಗಳ ಕೆಳಗೆ, ಯಾರ ಕಣ್ಣೂ ಹೋಗದ ಜಾಗದಲ್ಲಿ. ಉಳಿದರ್ಧ ಗಿರಾಕಿಯ ಮನೆಯಲ್ಲಿರುತ್ತದೆ. ಎರಡನ್ನೂ ಸೇರಿಸಿ, ಗೀಸರ್ ಬಿಟ್ಟು ಉಳಿದ ಪ್ರತಿ ಮಾಡೆಲ್ ಪಕ್ಕ ಕೈಬರಹದ ಒಂದು ಚೀಟಿ ಅಂಟಿಸುವ ರೂಢಿ ನಮ್ಮಲ್ಲಿದೆ. ಅದನ್ನು ಹೇಗೆ ಮಾಡುತ್ತೇವೆ, ಮಾಡುತ್ತಾ ಏನೇನು ಗೊತ್ತಾಯಿತು ಅನ್ನುವುದನ್ನು ಬರೆಯುತ್ತಿದ್ದೇನೆ.

ಮೊದಲು ಲೇಬಲ್ಲಿನ ಕಥೆ ಎರಡು ಮಾತಲ್ಲಿ. 2001ರ ಇಂಧನ ಸಂರಕ್ಷಣಾ ಕಾಯ್ದೆಯಡಿ 2002ರಲ್ಲಿ ಇಂಧನ ದಕ್ಷತಾ ಬ್ಯೂರೋ, ಅಂದರೆ ಬಿಇಇ, ಶುರುವಾಯಿತು. ಸ್ಟಾರ್ ಲೇಬಲ್ ಯೋಜನೆ ಬಂದದ್ದು 2006ರಲ್ಲಿ. ಆಗ ಅದು ಕಂಪನಿಗಳ ಇಷ್ಟಕ್ಕೆ ಬಿಟ್ಟದ್ದು. 2010ರ ಜನವರಿಯಿಂದ ಫ್ರಾಸ್ಟ್ ಫ್ರೀ (ಮಂಜು ತಾನೇ ಕರಗುವ) ಫ್ರಿಜ್, ರೂಮ್ ಎಸಿ, ಟ್ಯೂಬ್‌ಲೈಟ್‌ಗಳಿಗೆ ಕಡ್ಡಾಯವಾಯಿತು. ಸಿಂಗಲ್ ಡೋರ್ ಫ್ರಿಜ್, ಟಿವಿ, ಗೀಸರ್, ಎಲ್ಇಡಿ ಬಲ್ಬ್ ಆಮೇಲೆ ಒಂದೊಂದಾಗಿ ಸೇರಿಕೊಂಡವು. ಸೀಲಿಂಗ್ ಫ್ಯಾನ್‌ಗೆ ಕಡ್ಡಾಯವಾದದ್ದು 2023ರಿಂದ. ಅಂಗಡಿಯವನ ಪಾಲಿಗೆ ಇದರರ್ಥ ಇಷ್ಟೇ: ಈ ಪಟ್ಟಿಯಲ್ಲಿರುವ ಸಾಮಾನು ಲೇಬಲ್ ಇಲ್ಲದೆ ಶೋರೂಮಿನಲ್ಲಿ ನಿಲ್ಲುವಂತಿಲ್ಲ. ಮನೆಗೆ ಹೋದ ಮೇಲೆ ಅದನ್ನು ಕೀಳಬಹುದು, ಆದರೆ ಯಾರೂ ಕೀಳುವುದಿಲ್ಲ. ಹತ್ತು ವರ್ಷದ ಫ್ರಿಜ್ ರಿಪೇರಿಗೆ ಹೋದರೂ ಬಾಗಿಲ ಮೇಲೆ ಬಣ್ಣ ಮಾಸಿದ ಸ್ಟಾರ್‌ಗಳು, ಪಕ್ಕದಲ್ಲಿ ದೇವರ ಸ್ಟಿಕ್ಕರ್.

ಚೀಟಿಯಲ್ಲಿ ಬರೆಯುವುದು ಮೂರೇ ಸಾಲು. ಲೇಬಲ್ ಪ್ರಕಾರ ವರ್ಷಕ್ಕೆ ಎಷ್ಟು ಯೂನಿಟ್. ನಮ್ಮ ಊರಿನ ಬಳಕೆಗೆ ಎಷ್ಟು ಯೂನಿಟ್. ಅದರ ರೂಪಾಯಿ. ಯೂನಿಟ್ಟಿಗೆ ಆರು ರೂಪಾಯಿ ಅಂತ ಹಿಡಿಯುತ್ತೇನೆ. ಬೆಸ್ಕಾಂ ದರ ಅದರ ಆಚೀಚೆಯೇ ಇದೆ, ಬಾಯಲ್ಲಿ ಗುಣಿಸುವುದಕ್ಕೂ ಸುಲಭ.

ಫ್ರಿಜ್ಜಿಗೆ ಈ ಚೀಟಿ ಬರೆಯುವುದು ಸಲೀಸು, ಯಾಕೆಂದರೆ ಫ್ರಿಜ್ ವರ್ಷವಿಡೀ ಓಡುತ್ತದೆ. ಆದರೆ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದೂ ಅಲ್ಲೇ. ಸಿಂಗಲ್ ಡೋರ್ ಫ್ರಿಜ್ಜಿಗೂ ಫ್ರಾಸ್ಟ್ ಫ್ರೀ ಫ್ರಿಜ್ಜಿಗೂ ಎಷ್ಟು ಕರೆಂಟಿಗೆ ಎಷ್ಟು ಸ್ಟಾರ್ ಅಂತ ಬಿಇಇ ಬೇರೆ ಬೇರೆ ಕೋಷ್ಟಕ ಇಟ್ಟಿದೆ. ಸ್ಟಾರ್ ಅಂದರೆ ಆಯಾ ತರಗತಿಯೊಳಗಿನ ರ‍್ಯಾಂಕ್. ಏಳನೇ ಕ್ಲಾಸಿನ ಮೂರನೇ ರ‍್ಯಾಂಕನ್ನು ಪಿಯುಸಿಯ ಮೂರನೇ ರ‍್ಯಾಂಕಿನ ಜೊತೆ ಹೋಲಿಸಲು ಆಗುವುದಿಲ್ಲ. ನಮ್ಮಲ್ಲಿ ಅಕ್ಕಪಕ್ಕ ನಿಂತ ಮೂರು ಸ್ಟಾರಿನ ಎರಡು ಫ್ರಿಜ್‌ಗಳಲ್ಲಿ ಸಿಂಗಲ್ ಡೋರಿನ ಲೇಬಲ್ ನೂರೈವತ್ತರ ಆಸುಪಾಸಿನ ಯೂನಿಟ್ ತೋರಿಸಿದರೆ, ಫ್ರಾಸ್ಟ್ ಫ್ರೀ ಇನ್ನೂರರ ಹತ್ತಿರ ಇರುತ್ತದೆ. ಗಾತ್ರ ದೊಡ್ಡದು ಅನ್ನುವುದು ಒಂದು ಕಾರಣ. ಒಳಗೆ ಗಾಳಿ ಸುತ್ತಿಸುವ ಫ್ಯಾನ್, ಕಟ್ಟಿದ ಮಂಜನ್ನು ಆಗಾಗ ಕರಗಿಸುವ ಹೀಟರ್ ಇರುವುದು ಇನ್ನೊಂದು. "ಎರಡಕ್ಕೂ ಮೂರೇ ಸ್ಟಾರ್ ಐತಲ್ಲ, ಕರೆಂಟೂ ಒಂದೇ ಅಲ್ಲೇನ್ರೀ?" ಅನ್ನುವ ಗಿರಾಕಿಗೆ ನಾನೇನೂ ವಿವರಿಸುವುದಿಲ್ಲ, ಎರಡು ಚೀಟಿಗಳ ಮೇಲೆ ಬೆರಳಿಡುತ್ತೇನೆ. ತಿಂಗಳಿಗೆ ಇಪ್ಪತ್ತೈದು ರೂಪಾಯಿ ಫರಕು. ಮಂಜು ಕೆರೆಯುವ ಕೆಲಸ ತಪ್ಪುತ್ತದೆ ಅಂತ ಬಹಳ ಜನ ಖುಷಿಯಿಂದಲೇ ಅದನ್ನು ಕೊಡುತ್ತಾರೆ. ಕೊಡಲಿ, ಗೊತ್ತಿದ್ದು ಕೊಡಲಿ.

ಲೇಬಲ್ಲಿನ ಅಡಿಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಒಂದು ಸಾಲಿರುತ್ತದೆ: ಇದು ಪರೀಕ್ಷೆಯ ಸ್ಥಿತಿಯಲ್ಲಿ ಬಂದ ಅಂಕಿ, ನಿಜವಾದ ಖರ್ಚು ಬಳಕೆಯ ಮೇಲೆ ನಿಂತಿದೆ ಅಂತ. ಪರೀಕ್ಷಿಸುವಾಗ ಫ್ರಿಜ್ಜಿನ ಬಾಗಿಲು ತೆಗೆಯುವುದಿಲ್ಲ. ನಮ್ಮ ಮನೆಯ ಫ್ರಿಜ್ಜಿನ ಬಾಗಿಲು ಮುಚ್ಚಿರುವುದನ್ನು ನಾನು ನೋಡಿದ್ದೇ ಕಮ್ಮಿ. ಪ್ಲಗ್ಗಿಗೂ ಸಾಕೆಟ್ಟಿಗೂ ನಡುವೆ ಸಿಕ್ಕಿಸುವ ಸಣ್ಣ ಯೂನಿಟ್ ಮೀಟರ್ ಒಂದನ್ನು ತರಿಸಿ ಅಂಗಡಿಯ ಖಾಲಿ ಡಿಸ್ಪ್ಲೇ ಪೀಸಿಗೂ ಮನೆಯ ಫ್ರಿಜ್ಜಿಗೂ ಹಾಕಿ ನೋಡಿದೆ. ಅಂಗಡಿಯದ್ದು ಲೇಬಲ್ಲಿಗೆ ಹತ್ತಿರವೇ ಬಂತು. ಮನೆಯದ್ದು ಏಪ್ರಿಲ್ ಸೆಖೆಯಲ್ಲಿ, ಮಕ್ಕಳ ರಜೆಯಲ್ಲಿ, ಬಿಸಿ ಸಾರಿನ ಪಾತ್ರೆ ಹಾಗೇ ಒಳಗಿಡುವ ಅಭ್ಯಾಸದಲ್ಲಿ, ಹೆಚ್ಚೂಕಮ್ಮಿ ಕಾಲುಭಾಗ ಜಾಸ್ತಿ ತಿಂದಿತ್ತು. ಹಾಗಾಗಿ ಫ್ರಿಜ್ಜಿನ ಚೀಟಿಯ ಎರಡನೇ ಸಾಲಿಗೆ ಲೇಬಲ್ಲಿನ ಅಂಕಿಯ ಮೇಲೆ ಕಾಲುಭಾಗ ಸೇರಿಸಿಯೇ ಬರೆಯುತ್ತೇನೆ.

ಲೀಟರಿನ ಬಗ್ಗೆಯೂ ಒಂದು ಮಾತು. 2023ರ ಜನವರಿಯಲ್ಲಿ ಫ್ರಿಜ್ ನಿಯಮ ಬಿಗಿಯಾದಾಗ, ಒಟ್ಟು ಗಾತ್ರದ ಬದಲು ನಿಜವಾಗಿ ಸಾಮಾನು ಇಡಲು ಸಿಗುವ ಗಾತ್ರ ತೋರಿಸಬೇಕು ಅಂತಾಯಿತು. ಹಳೆಯ ಫ್ರಿಜ್ಜಿನಷ್ಟೇ ಎತ್ತರ, ಆದರೆ ಲೀಟರ್ ಕಮ್ಮಿ ಬರೆದಿದೆ ಅಂತ ಜಗಳಕ್ಕೆ ಬಂದವರಿದ್ದಾರೆ.

ಎಸಿ ವಿಷಯ ಬೇರೆ. ಎಸಿ ಲೇಬಲ್ಲಿನ ವರ್ಷದ ಯೂನಿಟ್ ಲೆಕ್ಕ ನಿಂತಿರುವುದು 1,600 ಗಂಟೆಯ ಮೇಲೆ. ದಿನಕ್ಕೆ ಎಂಟು ಗಂಟೆಯಂತೆ ಇನ್ನೂರು ದಿನ. ಕಲಬುರಗಿ, ರಾಯಚೂರಿನಲ್ಲಿ ಯಾರಾದರೂ ಅಷ್ಟು ಓಡಿಸಬಹುದು. ಕರಾವಳಿಯ ಧಗೆಯಲ್ಲೂ ಓಡಿಸಬಹುದು. ನಮ್ಮೂರಲ್ಲಿ ಮಾರ್ಚ್‌ನಿಂದ ಮೇ ಕೊನೆವರೆಗೆ ರಾತ್ರಿ ಐದಾರು ಗಂಟೆ, ಮಳೆ ಬಿತ್ತು ಅಂದರೆ ರಿಮೋಟ್ ಎಲ್ಲಿದೆ ಅಂತಲೂ ಗೊತ್ತಿರುವುದಿಲ್ಲ. ನಾನು ಕೇಳಿ ಬರೆದುಕೊಂಡಂತೆ ಬಹುಪಾಲು ಮನೆಗಳ ಲೆಕ್ಕ ವರ್ಷಕ್ಕೆ ನಾನೂರೈನೂರು ಗಂಟೆ ದಾಟುವುದಿಲ್ಲ.

ಈಗ ಗುಣಿಸಿ ನೋಡಿ. 2022ರ ಜುಲೈಯಲ್ಲಿ ಬಿಇಇ ತಂದ ಕೋಷ್ಟಕದ ಒಂದೂವರೆ ಟನ್ ಎಸಿಗಳಲ್ಲಿ ಐದು ಸ್ಟಾರಿನದ್ದು ವರ್ಷಕ್ಕೆ ಸುಮಾರು 750 ಯೂನಿಟ್, ಮೂರು ಸ್ಟಾರಿನದ್ದು ಸುಮಾರು 990. ಲೇಬಲ್ ಪ್ರಕಾರ 240 ಯೂನಿಟ್ ಉಳಿತಾಯ, ಹತ್ತಿರ ಹತ್ತಿರ 1,450 ರೂಪಾಯಿ. ಅದನ್ನೇ 400 ಗಂಟೆಗೆ ಇಳಿಸಿದರೆ 60 ಯೂನಿಟ್, 360 ರೂಪಾಯಿ. ಎರಡರ ಬೆಲೆಯ ಅಂತರ ಏಳೆಂಟು ಸಾವಿರ ಇದ್ದರೆ, ಉಳಿತಾಯದಿಂದ ಅದು ವಸೂಲಾಗುವ ಹೊತ್ತಿಗೆ ಎಸಿಯೇ ಹಳೆಯದಾಗಿರುತ್ತದೆ. ಕಂಪನಿಯಿಂದ ಬರುವ ಹುಡುಗರಿಗೆ ಈ ಚೀಟಿ ಕಂಡರೆ ಆಗುವುದಿಲ್ಲ. "ಅಣ್ಣಾ, ಫೈವ್ ಸ್ಟಾರ್ ಹೋಗೋದೇ ಇಲ್ಲ ಇದನ್ನ ಹಾಕಿದ್ರೆ" ಅಂತ ಒಬ್ಬ ಮುಖ ಊದಿಸಿಕೊಂಡಿದ್ದ. ಹೋಗುತ್ತದೆ. ಹಗಲೂ ಎಸಿ ಬೇಕಾಗುವ ಕ್ಲಿನಿಕ್ಕಿಗೆ, ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುವವರಿಗೆ, ಹಾಸಿಗೆ ಹಿಡಿದ ಹಿರಿಯರಿರುವ ಮನೆಗೆ ಅದೇ ಚೀಟಿ ತೋರಿಸಿ ಐದು ಸ್ಟಾರನ್ನೇ ಕೊಡುತ್ತೇನೆ.

ಸ್ಟಾರಿಗಿಂತ ಐಎಸ್ಇಇಆರ್ ಅನ್ನುವ ಅಂಕಿಯನ್ನು ನೋಡಿ ಅಂತಲೂ ಹೇಳುತ್ತೇನೆ. ವರ್ಷವಿಡೀ ಕೋಣೆಯಿಂದ ಹೊರಹಾಕಿದ ಶಾಖವನ್ನು ಅದಕ್ಕೆ ಖರ್ಚಾದ ಕರೆಂಟಿನಿಂದ ಭಾಗಿಸಿದರೆ ಬರುವುದು ಇದು. 24ರಿಂದ 43 ಡಿಗ್ರಿವರೆಗಿನ ಹೊರಗಿನ ಉಷ್ಣತೆಯನ್ನು ಭಾರತದ ಹವಾಮಾನಕ್ಕೆ ತಕ್ಕಂತೆ ಹಂಚಿ ಲೆಕ್ಕ ಹಾಕಿರುತ್ತಾರೆ. 2018ರ ಕೋಷ್ಟಕದಲ್ಲಿ 4.50 ಇದ್ದರೆ ಐದು ಸ್ಟಾರ್. 2022ರ ಜುಲೈಯಲ್ಲಿ ಐದು ಸ್ಟಾರಿಗೆ 5.00 ಬೇಕಾಯಿತು, ನಿನ್ನೆವರೆಗೆ ಐದು ಸ್ಟಾರ್ ಆಗಿದ್ದ 4.50ರ ಮಷೀನು ರಾತ್ರೋರಾತ್ರಿ ನಾಲ್ಕಕ್ಕೆ ಇಳಿಯಿತು. ಮಷೀನು ಅದೇ, ಕಂಪ್ರೆಸರ್ ಅದೇ, ಬಿಲ್ಲೂ ಅದೇ. ಹಳೆಯ ಸ್ಟಾಕಿನ ಐದು ಸ್ಟಾರ್, ಹೊಸ ಸ್ಟಾಕಿನ ನಾಲ್ಕು ಸ್ಟಾರ್ ಒಂದೇ ಗೋಡೆಯ ಮೇಲೆ ನೇತಾಡುತ್ತಿದ್ದ ಆ ದಿನಗಳಲ್ಲಿ ಗಿರಾಕಿಗಳು ಅಗ್ಗಕ್ಕೆ ಐದು ಸ್ಟಾರ್ ಸಿಕ್ಕಿತು ಅಂತ ಹಿಗ್ಗುತ್ತಿದ್ದರು. ಲೇಬಲ್ ಯಾವ ಅವಧಿಯದು ಅನ್ನುವುದು ಅದರ ಮೇಲೇ ಅಚ್ಚಾಗಿರುತ್ತದೆ, ಮೊದಲು ಅದನ್ನು ಓದಬೇಕು.

ಇನ್ನೊಂದು, ಟನ್ನಿನದು. ಲೆಕ್ಕದ ಪ್ರಕಾರ ಒಂದೂವರೆ ಟನ್ ಅಂದರೆ ಸುಮಾರು 5,275 ವ್ಯಾಟ್ ತಂಪು. ಲೇಬಲ್ಲಿನಲ್ಲಿ ನೋಡಿದರೆ ಒಂದರಲ್ಲಿ 4,800 ಇರುತ್ತದೆ, ಇನ್ನೊಂದರಲ್ಲಿ 5,200. ಎರಡನ್ನೂ ಒಂದೂವರೆ ಟನ್ ಅಂತಲೇ ಮಾರುತ್ತೇವೆ. ಸಣ್ಣದರ ವರ್ಷದ ಯೂನಿಟ್ ಸಹಜವಾಗಿ ಕಮ್ಮಿ ಕಾಣುತ್ತದೆ, ಅಷ್ಟಕ್ಕೇ ಅದು ಒಳ್ಳೆಯದು ಅನ್ನಲಾಗದು. ಟೆರೇಸ್ ಕೆಳಗಿನ ಕೋಣೆಗೆ ಅದನ್ನು ಹಾಕಿದರೆ ಮೇ ತಿಂಗಳಲ್ಲಿ ಒದ್ದಾಡುತ್ತದೆ. ಚೀಟಿಯಲ್ಲಿ ಮೂರೇ ಸಾಲು ಅಂದೆನಲ್ಲ, ಎಸಿಗೆ ಮಾತ್ರ ನಾಲ್ಕನೆಯದಾಗಿ ವ್ಯಾಟ್ ಬರೆಯುತ್ತೇನೆ.

ಗೃಹಜ್ಯೋತಿ ಬಂದ ಮೇಲೆ ಈ ಗುಣಾಕಾರಕ್ಕೆ ಹೊಸ ತಿರುವು ಸಿಕ್ಕಿತು. 2023ರಲ್ಲಿ ಯೋಜನೆ ಜಾರಿಯಾದಾಗ "ಇನ್ನು ಸ್ಟಾರ್ ಕೇಳೋರು ಯಾರು, ಕರೆಂಟೇ ಪುಕ್ಕಟೆ" ಅಂತ ನಮ್ಮ ಬೀದಿಯ ವ್ಯಾಪಾರಿಗಳು ನಕ್ಕಿದ್ದರು. ಆದರೆ ಉಚಿತ ಅನ್ನುವುದು ಆಯಾ ಮನೆಯ 2022–23ರ ಸರಾಸರಿ, ಅದರ ಮೇಲೆ ಶೇಕಡಾ ಹತ್ತು (ತೀರಾ ಕಮ್ಮಿ ಬಳಸುವ ಮನೆಗೆ 2024ರಿಂದ ಹತ್ತು ಯೂನಿಟ್) ಸೇರಿದಷ್ಟಕ್ಕೆ ಮಾತ್ರ. ಅದನ್ನು ಮೀರಿದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು. ತಿಂಗಳಿಗೆ 200 ದಾಟಿತೋ, ಪೂರ್ತಿ ಬಿಲ್ಲು ನಮ್ಮದೇ. ಈ 200ರ ಗೆರೆ ಎಸಿ ಕೊಳ್ಳುವವರಿಗೆ ದೊಡ್ಡ ವಿಷಯ.

ಒಬ್ಬರು ಮೇಡಂ ಕರೆಂಟ್ ಬಿಲ್ಲನ್ನೇ ಹಿಡಿದುಕೊಂಡು ಬಂದಿದ್ದರು. ತಿಂಗಳಿಗೆ ನೂರು ಯೂನಿಟ್ ಮನೆ, ಉಚಿತ ಮಿತಿ 110. ಬೇಸಿಗೆಯಲ್ಲಿ ದಿನಕ್ಕೆ ಆರು ಗಂಟೆ ಎಸಿ ಅಂದರು. ತಿಂಗಳಿಗೆ 180 ಗಂಟೆ. ಲೇಬಲ್ಲಿನ ಸರಾಸರಿಯಂತೆ ಐದು ಸ್ಟಾರ್ ಗಂಟೆಗೆ 0.47 ಯೂನಿಟ್, ಮೂರು ಸ್ಟಾರ್ 0.62. ಐದು ಸ್ಟಾರ್ ಹಾಕಿದರೆ ತಿಂಗಳ ಒಟ್ಟು 185ರ ಹತ್ತಿರ, ಮೂರು ಸ್ಟಾರ್ ಹಾಕಿದರೆ 211. ಮೊದಲನೆಯದರಲ್ಲಿ 75 ಯೂನಿಟ್ಟಿಗೆ ದುಡ್ಡು, ಎರಡನೆಯದರಲ್ಲಿ 211ಕ್ಕೂ ದುಡ್ಡು. ಮಷೀನುಗಳ ನಡುವಿನ ಫರಕು ಇಪ್ಪತ್ತಾರೇ ಯೂನಿಟ್, ಬಿಲ್ಲಿನ ಫರಕು ತಿಂಗಳಿಗೆ ಎಂಟುನೂರು ರೂಪಾಯಿ. ಕಡು ಬೇಸಿಗೆಯಲ್ಲಿ ಗಂಟೆಯ ಖರ್ಚು ಈ ಸರಾಸರಿಗಿಂತ ಮೇಲೇ ಇರುತ್ತದೆ, ಐದು ಸ್ಟಾರೂ ಗೆರೆ ದಾಟಬಹುದು ಅಂತ ಮೊದಲೇ ಹೇಳಿದೆ. ಅವರು ಐದು ಸ್ಟಾರ್ ತಗೊಂಡರು, ಜೊತೆಗೆ 24 ಡಿಗ್ರಿಗಿಂತ ಕೆಳಗಿಳಿಸುವುದಿಲ್ಲ ಅಂತ ಮಗನ ಹತ್ತಿರ ನನ್ನೆದುರೇ ಮಾತು ತಗೊಂಡರು. 2020ರಿಂದ ಎಸಿಗಳು ಆನ್ ಮಾಡಿದರೆ 24ರಲ್ಲೇ ಶುರುವಾಗಬೇಕು ಅನ್ನುವ ನಿಯಮವಿದೆ. ಆಮೇಲೆ ರಿಮೋಟ್ ಯಾರ ಕೈಲಿರುತ್ತದೋ ಅವರ ಇಷ್ಟ.

ಚೀಟಿಯಿಂದ ನಿಜವಾಗಿ ವ್ಯಾಪಾರ ತಿರುಗಿದ್ದು ಫ್ಯಾನಿನಲ್ಲಿ. ಫ್ಯಾನಿನ ಲೇಬಲ್ಲಿನಲ್ಲಿ ಸರ್ವಿಸ್ ವ್ಯಾಲ್ಯೂ ಅಂತಿರುತ್ತದೆ: ಒಂದು ವ್ಯಾಟ್ ಕರೆಂಟಿಗೆ ನಿಮಿಷಕ್ಕೆ ಎಷ್ಟು ಘನ ಮೀಟರ್ ಗಾಳಿ. 1,200 ಮಿಲಿಮೀಟರ್ ರೆಕ್ಕೆಯ ಫ್ಯಾನಿಗೆ ಅದು 4 ಇದ್ದರೆ ಒಂದು ಸ್ಟಾರ್, 6 ದಾಟಿದರೆ ಐದು. ಹಳೆಯ ಮಾಮೂಲಿ ಫ್ಯಾನ್ 75 ವ್ಯಾಟ್ ತಿಂದರೆ ಬಿಎಲ್‌ಡಿಸಿ, ಅಂದರೆ ಬ್ರಶ್ ಇಲ್ಲದ ಡಿಸಿ ಮೋಟರಿನ, ಫ್ಯಾನಿಗೆ ಮೂವತ್ತರ ಆಸುಪಾಸು ಸಾಕು. ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ತಿಂಗಳಿಗೆ ಹದಿನಾರು ಯೂನಿಟ್ ಉಳಿಯಿತು, ಒಂದು ಫ್ಯಾನಿಗೆ. ಮೂರು ಫ್ಯಾನಿನ ಮನೆಯಲ್ಲಿ ನಲವತ್ತೆಂಟು. ಒಂದು ಫ್ರಿಜ್ ತಿಂಗಳಿಗೆ ತಿನ್ನುವುದರ ಎರಡು ಪಟ್ಟಿಗಿಂತಲೂ ಇದು ಹೆಚ್ಚು. ಹೀಗಾಗಿ ಐದು ಸ್ಟಾರ್ ಎಸಿಗೆ ಏಳೆಂಟು ಸಾವಿರ ಹೆಚ್ಚು ಕೊಡಲು ತಯಾರಾಗಿ ಬಂದ ಎಷ್ಟೋ ಜನರಿಗೆ, ಮೂರು ಸ್ಟಾರ್ ಎಸಿ ತಗೊಂಡು ಉಳಿದ ದುಡ್ಡಲ್ಲಿ ಮನೆಯ ಫ್ಯಾನ್ ಬದಲಿಸಿ ಅಂದಿದ್ದೇನೆ. ಗೃಹಜ್ಯೋತಿಯ ಗೆರೆಯ ಅಂಚಲ್ಲಿರುವವರಿಗಂತೂ ಇದೇ ಮದ್ದು.

ಗೀಸರಿಗೆ ಚೀಟಿ ಅಂಟಿಸುವುದಿಲ್ಲ. ಸ್ಟೋರೇಜ್ ಗೀಸರಿನ ಸ್ಟಾರ್ ಅಳೆಯುವುದು ಒಂದನ್ನೇ: ಕಾದ ನೀರು ಟ್ಯಾಂಕಿನಲ್ಲಿ ಸುಮ್ಮನೆ ನಿಂತಾಗ ಇಪ್ಪತ್ನಾಲ್ಕು ಗಂಟೆಯಲ್ಲಿ ಎಷ್ಟು ಶಾಖ ಸೋರಿಹೋಗುತ್ತದೆ ಅಂತ. ನೀರು ಕಾಯಿಸುವ ಖರ್ಚು ಎಲ್ಲದರಲ್ಲೂ ಒಂದೇ. 25 ಲೀಟರ್ ನೀರನ್ನು 35 ಡಿಗ್ರಿ ಏರಿಸಲು ಹತ್ತಿರ ಹತ್ತಿರ ಒಂದು ಯೂನಿಟ್ ಬೇಕೇ ಬೇಕು, ಐದು ಸ್ಟಾರ್ ಆದರೂ ಅಷ್ಟೆ. ಬೆಳಿಗ್ಗೆ ಅರ್ಧ ಗಂಟೆ ಹಾಕಿ, ಎಲ್ಲರೂ ಒಬ್ಬರ ಹಿಂದೊಬ್ಬರು ಸ್ನಾನ ಮಾಡಿ ಟ್ಯಾಂಕ್ ಖಾಲಿ ಮಾಡುವ ಮನೆಯಲ್ಲಿ ಸ್ಟಾರಿನ ಉಳಿತಾಯ ಲೆಕ್ಕಕ್ಕೇ ಬರುವುದಿಲ್ಲ. ದಿನವಿಡೀ ಸ್ವಿಚ್ ಹಾಕಿಟ್ಟಿರುವ ಲಾಡ್ಜಿನವರಿಗೆ ಖಂಡಿತ ಬರುತ್ತದೆ. ಗೀಸರ್ ಕೇಳಿದವರನ್ನು ನಾನು ಮೊದಲು ಕೇಳುವುದು, "ಸ್ವಿಚ್ ಆರಿಸೋ ಅಭ್ಯಾಸ ಐತೇನ್ರಿ?"

ನಕಲಿ ಸ್ಟಾರಿನ ಕಾಟವೂ ಇದೆ. ಕೂಲರ್, ಮಿಕ್ಸಿಗಳ ಡಬ್ಬದ ಮೇಲೆ ಪವರ್ ಸೇವರ್ ಅಂತ ಬರೆದು ಐದು ಚಿನ್ನದ ನಕ್ಷತ್ರ ಮುದ್ರಿಸಿದ ಮಾಲು ಬರುತ್ತಿರುತ್ತದೆ. ಅಸಲಿ ಲೇಬಲ್ಲಿನಲ್ಲಿ ಬಿಇಇ ಹೆಸರು, ಮಾಡೆಲ್ ನಂಬರ್, ಅವಧಿ, ಯೂನಿಟ್ ಅಥವಾ ಅದಕ್ಕೆ ಸಮನಾದ ಅಂಕಿ ಇರಲೇಬೇಕು. ಅನುಮಾನ ಬಂದರೆ ಬಿಇಇ ಸ್ಟಾರ್ ಲೇಬಲ್ ಆ್ಯಪಿನಲ್ಲಿ ಮಾಡೆಲ್ ಹುಡುಕಿ ತೋರಿಸುತ್ತೇವೆ. ಬೇಸಿಗೆಯಲ್ಲಿ ನಮ್ಮ ಕಡೆ ಎಸಿಗಿಂತ ಹೆಚ್ಚು ಹೋಗುವ ಕೂಲರನ್ನು ಹೋಲಿಸಲು ಅಂಥ ಅಂಕಿ ಸಿಗುವುದಿಲ್ಲ. ಅದಕ್ಕೆ ಅದೇ ಸಣ್ಣ ಮೀಟರ್ ಸಿಕ್ಕಿಸಿ, ಗಿರಾಕಿಯ ಎದುರೇ ಫುಲ್ ಸ್ಪೀಡಿನಲ್ಲಿ ಓಡಿಸಿ, ಬಂದ ವ್ಯಾಟನ್ನು ಚೀಟಿಯಲ್ಲಿ ಬರೆದು ಅಂಟಿಸುತ್ತೇವೆ.