ಗುಡ್ಡದ ಕೇಪಳ ಅಂಗಳಕ್ಕೆ ಬಂದರೆ

ಕರಾವಳಿ, ಮಲೆನಾಡಿನ ಗುಡ್ಡಗಳಲ್ಲಿ ಕೆಂಪಗೆ ಗೊಂಚಲು ಗೊಂಚಲಾಗಿ ಅರಳುವ ಕೇಪಳ ನೋಡಿದ್ದೀರಲ್ಲ? ಕೆಲವು ಕಡೆ ಕಿಸ್ಕಾರ ಅಂತಾರೆ. ನರ್ಸರಿಯ ಹಳದಿ, ಗುಲಾಬಿ ಜಾತಿಗಳು ನೋಡೋಕೆ ಚಂದ, ಒಪ್ಪುತ್ತೇನೆ. ಅಡುಗೆಗೆ, ಮದ್ದಿಗೆ ಮಾತ್ರ ನನಗೆ ಗುಡ್ಡದ ಕೆಂಪು ಕೇಪಳವೇ ಆಗಬೇಕು.

ಗೆಲ್ಲು ನೆಡಲು ಮಳೆಗಾಲವೇ ಸರಿ. ತೀರಾ ಎಳೆಯದೂ ಅಲ್ಲದ, ಬಲಿತು ಕಟ್ಟಿಗೆಯೂ ಆಗದ ಗೆಲ್ಲನ್ನು ಗೇಣುದ್ದ ಕತ್ತರಿಸಿ. ಕೆಳಗಿನ ಎಲೆ ತೆಗೆದು, ಮರಳು ಬೆರೆಸಿದ ಕೆಂಪು ಮಣ್ಣಿಗೆ ಊರಿ ನೆರಳಲ್ಲಿಡಿ. ಬೇರು ಬಂತಾ ಅಂತ ದಿನಾ ಎಳೆದು ನೋಡಬೇಡಿ, ಒಂದೆರಡು ತಿಂಗಳು ಸುಮ್ನೆ ಬಿಡಿ. ಆಮೇಲೆ ಬಿಸಿಲಿಗೆ ತನ್ನಿ.

ಈ ಗಿಡಕ್ಕೆ ಸುಣ್ಣ ಆಗದು. ನಾನೊಮ್ಮೆ ಹೊಸದಾಗಿ ಸಿಮೆಂಟ್ ಮೆತ್ತಿದ ಕಾಂಪೌಂಡಿನ ಬುಡದಲ್ಲಿ ನೆಟ್ಟು ಕೆಟ್ಟೆ. ಎಲೆಯೆಲ್ಲ ಹಳದಿ, ನರ ಮಾತ್ರ ಹಸಿರು. ಗೊಬ್ಬರ ಸಾಲದೇನೋ ಅಂತ ಒಲೆ ಬೂದಿ ಸುರಿದೆ. ಬೂದಿಯದ್ದೂ ಸುಣ್ಣದ ಗುಣವೇ ಅಲ್ವಾ, ಗಿಡ ಇನ್ನೂ ಸೊರಗಿತು. ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಸುಣ್ಣ ಜಾಸ್ತಿಯಾದರೆ ಬೇರಿಗೆ ದಕ್ಕುವುದಿಲ್ಲ. ಗೋಡೆಯಿಂದ ದೂರ ನೆಟ್ಟು, ಕೊಳೆತ ಎಲೆಗೊಬ್ಬರ ಕೊಟ್ಟ ಮೇಲೆ ಚೇತರಿಸಿಕೊಂಡಿತು.

ಹೂ ಬಿಡುವುದು ಗೆಲ್ಲಿನ ತುದಿಯಲ್ಲಿ. ಹಾಗಾಗಿ ಹೂ ಬಾಡಿದ ಮೇಲೆ ಸವರಿ, ಮೊಗ್ಗಿನ ಹೊತ್ತಿಗಲ್ಲ. ಒಂದಷ್ಟು ಗೊಂಚಲು ಹಾಗೇ ಇರಲಿ. ಕಪ್ಪಗೆ ತಿರುಗಿದ ಹಣ್ಣಿಗೆ ಹಕ್ಕಿಗಳೂ ಬರುತ್ತವೆ, ಮಕ್ಕಳೂ ಬರುತ್ತಾರೆ.

ಹೊಟ್ಟೆ ಕೆಟ್ಟು ಭೇದಿಯಾದರೆ ನಮ್ಮ ಹಿರಿಯರು ಮಾಡುತ್ತಿದ್ದುದು ಕೇಪಳದ ತಂಬುಳಿ. ಒಂದು ಹಿಡಿ ಹೂವು, ಅರ್ಧ ಚಮಚ ಜೀರಿಗೆ, 4-5 ಕಾಳುಮೆಣಸನ್ನು ತುಪ್ಪದಲ್ಲಿ ಬಾಡಿಸಿ. ಸ್ವಲ್ಪ ತೆಂಗಿನತುರಿ ಹಾಕಿ ನುಣ್ಣಗೆ ರುಬ್ಬಿ, ಒಂದು ಲೋಟ ಮಜ್ಜಿಗೆ, ಉಪ್ಪು ಬೆರೆಸಿದರೆ ಆಯಿತು. ಮೆತ್ತಗಿನ ಅನ್ನಕ್ಕೆ ಕಲಸಿ ಊಟ. ಬೇರಿನ ಕಷಾಯವೂ ಉಂಟು. ಆದರೆ ಹೂವಿರುವಾಗ ಬೇರು ಯಾಕೆ ಕೀಳಬೇಕು?

ಭೇದಿಯಲ್ಲಿ ರಕ್ತ ಕಂಡರೆ, ಜ್ವರ ಬಂದರೆ, ಮಗು ಸುಸ್ತಾಗಿ ಮೂತ್ರ ಕಡಿಮೆಯಾದರೆ ತಂಬುಳಿ ಅಂತ ಕೂರಬೇಡಿ. ಸೀದಾ ಡಾಕ್ಟರ ಹತ್ತಿರ ಹೋಗಿ. ಕೀಟನಾಶಕ ಹೊಡೆದ ಗಿಡದ ಹೂವನ್ನಂತೂ ಅಡುಗೆಗೆ ತರಲೇಬೇಡಿ.

ಹೂ ಜಾಸ್ತಿ ಸಿಕ್ಕಾಗ ನಾನು ನೆರಳಲ್ಲಿ ಒಣಗಿಸಿ ಡಬ್ಬಿಯಲ್ಲಿ ತುಂಬಿಡುತ್ತೇನೆ. ಕೊಯ್ದ ಕೂಡಲೇ ಗೊಂಚಲನ್ನೊಮ್ಮೆ ಜೋರಾಗಿ ಕೊಡವಿ, ಒಳಗೆ ಇರುವೆ ಕೂತಿರುತ್ತವೆ.