ಲಗಾಮು ಕೈಯಲ್ಲಿ, ಕೆಲಸ ಹಿಂಗಾಲಲ್ಲಿ

ನಾನು ಪಳಗಿಸಿದ ಹೆಣ್ಣು ಕುದುರೆಗೆ ಲಗಾಮು ಚೂರು ಬಿಗಿಯಾದರೂ ಆಗುತ್ತಿರಲಿಲ್ಲ. ತಲೆ ಮೇಲೆತ್ತಿ ಮೂಗು ಮುಂದೆ ಚಾಚುತ್ತಿತ್ತು. ಬೆನ್ನು ಸೆಟೆದಿರುತ್ತಿತ್ತು, ಹಿಂಗಾಲು ಎಲ್ಲೋ ಹಿಂದೆ ಎಳೆದುಕೊಂಡು ಬರುತ್ತಿತ್ತು. ತಲೆ ಇಳಿಸೋಕೆ ಪಟ್ಟಿ ಕಟ್ಟಿ ಅಂದವರೂ ಇದ್ದರು. ಪಟ್ಟಿ ಕಟ್ಟಿದರೆ ತಲೆಯೇನೋ ಇಳಿಯುತ್ತದೆ, ಬೆನ್ನು ಏಳಬೇಕಲ್ವಾ?

ಮೊದಲು ಬಾಯಿ ತೋರಿಸಿದೆ. ದವಡೆ ಹಲ್ಲಿನ ಅಂಚು ಚೂಪಾಗಿ ಕೆನ್ನೆಗೆ ತಾಗುತ್ತಿತ್ತು. ವೈದ್ಯರು ಅದನ್ನು ಉಜ್ಜಿ ನಯ ಮಾಡಿದರು. ಜೀನು ಹೆಗಲಿಗೆ ಒತ್ತುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡೆ. ಮೂಗುಪಟ್ಟಿ ಎರಡು ಬೆರಳು ಹಿಡಿಸುವಷ್ಟು ಸಡಿಲ.

ಆಮೇಲೆ 20 ಮೀಟರ್ ವೃತ್ತದಲ್ಲಿ ಕೆಲಸ. ನನ್ನ ಒಳಗಡೆಯ, ಅಂದರೆ ವೃತ್ತದ ನಡುವಿನ ಕಡೆಯ, ಕಾಲು ಕುದುರೆಯ ಅದೇ ಕಡೆಯ ಹಿಂಗಾಲನ್ನು ಮುಂದಕ್ಕೆ ಕರೆಯಬೇಕು, ಹಾಗೆ ಹಿಂದಿನಿಂದ ಬಂದ ಕಸುವನ್ನು ಹೊರಗಡೆಯ ಲಗಾಮು ಹಿಡಿದುಕೊಳ್ಳಬೇಕು. ಯಾವಾಗ ಒತ್ತುತ್ತೇವೆ ಅನ್ನೋದೇ ಇಲ್ಲಿ ಮುಖ್ಯ. ಊರಿದ ಕಾಲಿನ ಮೇಲೆ ಭಾರ ಇರುತ್ತದೆ, ಆಗ ಒತ್ತಿದರೆ ಅದು ಏನೂ ಮಾಡಲಾರದು. ಕಾಲು ನೆಲ ಬಿಟ್ಟ ಕ್ಷಣ ಒತ್ತಬೇಕು. ನಡಿಗೆಯಲ್ಲಿ ಇದು ಕೂತಲ್ಲೇ ತಿಳಿಯುತ್ತದೆ. ಒಳಗಡೆಯ ಹಿಂಗಾಲು ಮುಂದೆ ಬರುವಾಗ ಹೊಟ್ಟೆ ಹೊರಗಡೆಗೆ ತೂಗುತ್ತದೆ, ನಮ್ಮ ಒಳಗಡೆಯ ಸೊಂಟ ಚೂರು ಇಳಿಯುತ್ತದೆ. ಅದೇ ಸೂಚನೆ.

ಕೈಯ ವಿಷಯ ಇಷ್ಟೇ: ನಡಿಗೆಯಲ್ಲಿ ಕುದುರೆಯ ತಲೆ ಆಡುತ್ತದೆ, ಮೊಣಕೈ ಜೊತೆಗೇ ಹೋಗಬೇಕು. ಟ್ರಾಟ್‌ನಲ್ಲಿ, ಅಂದರೆ ನಡಿಗೆಗಿಂತ ಚೂರು ವೇಗದ ಹದವಾದ ಓಟದಲ್ಲಿ, ತಲೆ ಅಲುಗುವುದಿಲ್ಲ, ಕೈಯೂ ಅಲುಗಬಾರದು. ತಲೆ ಎತ್ತಿದಾಗ ನಾನು ಜಗ್ಗಲಿಲ್ಲ, ಲಗಾಮು ಬಿಟ್ಟೂ ಹಾಕಲಿಲ್ಲ. ಅಷ್ಟೇ ಹಿಡಿತದಲ್ಲಿ ಕಾಲಿನಿಂದ ಮುಂದೆ ಕಳಿಸುತ್ತಾ ಇದ್ದೆ. ದವಡೆ ಸಡಿಲ ಬಿಟ್ಟ ತಕ್ಷಣ ಬೆರಳು ಮೆತ್ತಗೆ ಮಾಡುತ್ತಿದ್ದೆ. ಕುದುರೆ ಕಲಿಯೋದು ಆ ಬಿಡುವಿನಿಂದಲೇ. ಸುಮ್ನೆ ಬಿಟ್ (ಬಾಯೊಳಗಿನ ಕಡಿವಾಣ) ಎಡಬಲ ಆಡಿಸಿ ಮೂಗು ಒಳಗೆ ತರಿಸೋದು ನನಗೆ ಹಿಡಿಸುವುದಿಲ್ಲ. ಅದರಲ್ಲಿ ಹಿಂಗಾಲಿನ ಪಾತ್ರವೇ ಇಲ್ಲ.

ಜಾಸ್ತಿ ಫಲ ಕೊಟ್ಟಿದ್ದು ನಡಿಗೆಯಿಂದ ಟ್ರಾಟ್, ಟ್ರಾಟ್‌ನಿಂದ ನಡಿಗೆ, ಹೀಗೆ ಪದೇಪದೇ ಬದಲಿಸಿದ್ದು. ಪ್ರತಿ ಬದಲಾವಣೆಗೂ ಹಿಂಗಾಲು ಹೊಟ್ಟೆಯ ಕೆಳಗೆ ಬರಲೇಬೇಕು. ಸ್ನಾಯು ದಣಿಯುವ ಕೆಲಸ ಇದು, ಹಾಗಾಗಿ ನಡುನಡುವೆ ಲಗಾಮು ಉದ್ದ ಬಿಟ್ಟು ಆರಾಮಾಗಿ ನಡೆಸುತ್ತಿದ್ದೆ. ಕತ್ತು ಕೆಳಕ್ಕೆ ಚಾಚಿ ಬಿಟ್ ಅನ್ನು ತಾನಾಗಿ ಹುಡುಕಿಕೊಂಡು ಹೋದರೆ ದಾರಿ ಸರಿಯಿದೆ ಅಂತ ಅರ್ಥ. ಮರಳಿನ ಮೇಲೂ ನೋಡುತ್ತಿದ್ದೆ. ಮೊದಲೆಲ್ಲ ಹಿಂಗೊರಸಿನ ಗುರುತು ಮುಂಗೊರಸಿನ ಗುರುತಿಗಿಂತ ಹಿಂದೆಯೇ ಬೀಳುತ್ತಿತ್ತು. ಈಗ ನಡಿಗೆಯಲ್ಲಿ ಅದನ್ನು ದಾಟಿ ಬೀಳುತ್ತದೆ.

ಈಗ ಶೋಲ್ಡರ್ ಇನ್, ಅಂದರೆ ಕುದುರೆಯ ಹೆಗಲನ್ನು ಚೂರು ಒಳಕ್ಕೆ ತಂದು ಮುಂದೆ ನಡೆಸುವುದು, ಶುರು ಮಾಡಿದ್ದೇನೆ. ಬಲಗಡೆ ಸಲೀಸು. ಎಡಗಡೆ ಇನ್ನೂ ಹಿಂಭಾಗವನ್ನು ಹೊರಗೆ ಜಾರಿಸಿ ತಪ್ಪಿಸಿಕೊಳ್ಳುತ್ತದೆ, ಅದಕ್ಕೆ ಅಲ್ಲಿ ಸದ್ಯಕ್ಕೆ ನಾಲ್ಕು ಹೆಜ್ಜೆಗಿಂತ ಹೆಚ್ಚು ಕೇಳುತ್ತಿಲ್ಲ.